ಕ್ಯಾಶುಯಲ್ಲಾಗಿ ಬಂದವರಿಗೆ ಮುದ್ದೆ

ಚಿನ್ನೂ, ಪುಟ್ಟೂ, ಮೊನ್ನೆ ಭಾನುವಾರ ನೀವಿಬ್ಬರೂ ಜಗಲಿಯ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಿರಿ. ಅಷ್ಟೇನೂ ಮುಖ್ಯವಲ್ಲದ, ಅವಸರವಿಲ್ಲದ ಸಂಗತಿಗಳಿಗೆ ಇಂಗ್ಲಿಷಿನಲ್ಲಿ ಏನೇನು ಪದಗಳಿವೆ, ಬರೆದುಕೊಂಡು ಬನ್ನಿ ಎಂದು ನಿಮ್ಮ ಮಿಸ್ ಹೇಳಿದ್ದರಂತೆ. ಪುಟ್ಟು ಪೆನ್ಸಿಲ್ ಕಚ್ಚುತ್ತಾ, "ಅಜ್ಜಿಗೆ ಗೊತ್ತಿರಲ್ಲ ಬಿಡು" ಎಂದ. ನಾನು ಅವರೆಕಾಯಿ ಬಿಡಿಸುತ್ತಾ ಸುಮ್ಮನಿದ್ದೆ. ಮಾತಾಡುವುದಕ್ಕಿಂತ ಸುಮ್ಮನಿರುವುದು ನನಗೆ ಮೊದಲಿನಿಂದಲೂ ಸುಲಭ. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು.

ನಾನು ಶಾಗ್ಯದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನನ್ನ ಇಂಗ್ಲಿಷ್ ಅಂದರೆ ಎ ಬಿ ಸಿ ಡಿ, ಜೊತೆಗೆ ಹಸುವಿನ ಮೇಲೆ ಬಾಯಿಪಾಠ ಮಾಡಿದ ನಾಲ್ಕು ಸಾಲು. ಆದರೂ ನಿಮ್ಮ ಮಿಸ್ ಕೇಳಿದ ಜಾತಿಯ ಪದಗಳು ಮಾತ್ರ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನಮ್ಮ ಮನೆಯೊಳಗೆ ಬಂದ ಇಂಗ್ಲಿಷೆಲ್ಲ ಆ ಜಾತಿಯದೇ. ಮಳೆ, ಹಸಿವು, ಹೆರಿಗೆ, ಸಾವು ಇವೆಲ್ಲ ಕನ್ನಡದಲ್ಲೇ ಉಳಿದವು. ಯಾವುದನ್ನಾದರೂ ಹಗುರ ಮಾಡಬೇಕು ಅಂತಾದಾಗ ಎಲ್ಲರೂ ಇಂಗ್ಲಿಷಿಗೆ ಕೈಹಾಕಿದರು.

ನಿಮ್ಮಪ್ಪನನ್ನೇ ನೋಡಿ. ಅವನು ಹನೂರಿನ ಆಫೀಸಿಗೆ ಸೇರಿದ ಮೇಲೆ ನಮ್ಮ ಮನೆಯ ಕೆಲಸಗಳಿಗೆಲ್ಲ ಪೆಂಡಿಂಗ್ ಎಂಬ ಹೆಸರು ಬಂತು. ಹಿತ್ತಲ ಬಾಗಿಲಿನ ಚಿಲಕ ಪೆಂಡಿಂಗ್. ಸೋರುವ ನಲ್ಲಿ ಪೆಂಡಿಂಗ್. ಚಿಲಕ ಮುರಿದಿದೆ ಎಂದರೆ ಮನೆಗೆ ಅವಮಾನ, ಪೆಂಡಿಂಗ್ ಎಂದರೆ ಏನೋ ನಡೆಯುತ್ತಿದೆ ಅನ್ನುವ ಹಾಗೆ. ನಿಮ್ಮಮ್ಮನದು ಸಿಂಪಲ್. ಚಿನ್ನೂಳ ಮೊದಲನೆಯ ಹುಟ್ಟುಹಬ್ಬವನ್ನು ಸಿಂಪಲ್ಲಾಗಿ ಮಾಡೋಣ ಅತ್ತೆ ಅಂದಳು. ಶಾಮಿಯಾನ ಬಂತು, ಬಲೂನು ಬಂತು, ನಮ್ಮ ಧನಗೆರೆಯ ಅರ್ಧ ಊರು ಬಂತು, ಆಮೇಲೆ ಕೇಕು ಸಾಲಲಿಲ್ಲ. ನಾನು ಮಂಡಿನೋವೆಂದು ಕೊಳ್ಳೇಗಾಲದ ಡಾಕ್ಟರ ಹತ್ತಿರ ಹೋದೆ. "ನಾರ್ಮಲ್ ಕಣಮ್ಮ, ವಯಸ್ಸಾದ್ಮೇಲೆ ಎಲ್ರಿಗೂ ಇದ್ದದ್ದೇ" ಅಂದರು. ನೋವು ನಾರ್ಮಲ್ ಎಂಬುದು ನನಗೂ ಡಾಕ್ಟರಿಗೂ ಗೊತ್ತಾಯಿತು, ಮಂಡಿಗೆ ಮಾತ್ರ ಯಾರೂ ಹೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರು ಟೈಂಪಾಸ್ ಟೈಂಪಾಸ್ ಎಂದು ಕೂಗುತ್ತಿದ್ದರು. ನಮ್ಮ ಕಾಲದಲ್ಲಿ ಒಂದು ಬೆಳೆ ಕಡಲೆಕಾಯಿ ಕಿತ್ತರೆ ಬೆನ್ನೇ ಬಾಗಿಹೋಗುತ್ತಿತ್ತು. ಅದು ಬಸ್ ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಟೈಂಪಾಸ್ ಆಗಿತ್ತು.

ಈ ಪದಗಳಲ್ಲೆಲ್ಲ ನನ್ನನ್ನು ತುಂಬಾ ಆಟವಾಡಿಸಿದ್ದು ಒಂದು, ಕ್ಯಾಶುಯಲ್. ಅದನ್ನು ನಿಮಗೆ ಹೇಳಬೇಕೆಂದೇ ಇವತ್ತು ಬರೆಯಲು ಕೂತೆ. ನಿಮ್ಮ ಅತ್ತೆಯ ಮದುವೆ ಆ ಪದದಿಂದ ಕೆಟ್ಟೇಹೋಗುವುದರಲ್ಲಿತ್ತು.

ಆಗ ಪುಟ್ಟು ಹುಟ್ಟಿರಲಿಲ್ಲ. ಚಿನ್ನೂ, ನೀನು ಆಗತಾನೇ ಗೋಡೆ ಬಿಟ್ಟು ನಡೆಯಲು ಕಲಿತಿದ್ದೆ. ನಿಮ್ಮ ತಾತ ತೀರಿಹೋಗಿ ಕೆಲವು ವರ್ಷ ಆಗಿತ್ತು. ನಿಮ್ಮ ಅತ್ತೆ ಯಳಂದೂರಿನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು, ದಿನವೂ ಕೊಳ್ಳೇಗಾಲಕ್ಕೆ ಹೋಗಿ ಅಲ್ಲಿಂದ ಬಸ್ ಹಿಡಿಯುತ್ತಿದ್ದಳು. ಅವಳನ್ನು ನೋಡಲು ಅದುವರೆಗೆ ಬಂದವರೆಲ್ಲ ಶಾಸ್ತ್ರವಾಗಿಯೇ ಬಂದವರು. ರೇಷ್ಮೆ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು, ತಲೆ ತಗ್ಗಿಸಿ ಕೂರಬೇಕು. ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಮನೆಗೆ ಹೋಗಿ ಫೋನ್ ಮಾಡುತ್ತೇವೆ ಎಂದು ಹೊರಡುತ್ತಿದ್ದರು. ಫೋನ್ ಬರುತ್ತಿರಲಿಲ್ಲ. ಕೊನೆಯ ಸಲ ಅವರು ಹೋದ ಮೇಲೆ ಅವಳು ಲೋಟಗಳನ್ನು ತೊಳೆಯುತ್ತಾ, "ಇನ್ಮೇಲೆ ನಾನು ಯಾರ ಮುಂದೂ ತಟ್ಟೆ ಇಡ್ಕಂಡು ಕೂರಲ್ಲ ಕಣವ್ವಾ. ಮದುವೆ ಆಯ್ತದೋ ಬುಡ್ತದೋ" ಎಂದಳು. ಅವಳು ಜೋರಾಗಿ ಹೇಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಹಾಗಂದವಳು ಒಂದು ಸಂಜೆ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು:

"ಅವ್ವಾ, ಭಾನುವಾರ ಅವರ ಮನೆವ್ರು ಬತ್ತಾರೆ. ಸುಮ್ನೆ, ಕ್ಯಾಶುಯಲ್ಲಾಗಿ. ನೀನು ಏನೂ ಮಾಡಕ್ಕೋಗ್ಬೇಡ."

"ಯಾರ ಮನೆವ್ರು?"

"ಅದೇ, ಬಸ್ಸಲ್ಲಿ ಬತ್ತಾರಲ್ಲ, ರೇಷ್ಮೆ ಇಲಾಖೆಯವ್ರು."

ಬಸ್ಸಿನಲ್ಲಿ ಬರುವ ರೇಷ್ಮೆಯವರ ವಿಷಯ ನನಗೆ ಅವಳು ಹೇಳಿದ್ದು ಅದೇ ಮೊದಲು. ಆದರೆ ಅಷ್ಟು ದಿನದಿಂದ ಬಸ್ಸು ಎಷ್ಟು ತಡವಾದರೂ ಅವಳು ಬೈಯುತ್ತಿರಲಿಲ್ಲ. ಬಸ್ಸನ್ನು ಬೈಯದ ಟೀಚರನ್ನು ನಾನು ನೋಡಿರಲಿಲ್ಲ. ಹಾಗಾಗಿ ಅರ್ಧ ಗೊತ್ತಿತ್ತು.

"ಏನೂ ಮಾಡಬೇಡ ಅಂದ್ರೆ ಹೆಂಗೆ?" ಎಂದೆ.

"ಅವರೇ ಏಳವ್ರೆ. ಅವರ ಅಮ್ಮನೇ ಕ್ಯಾಶುಯಲ್ಲಾಗಿ ಬತ್ತೀವಿ ಅಂದವ್ರಂತೆ" ಎಂದು ಒಳಗೆ ಹೋದಳು. ಹೋಗುವಾಗ ಸಣ್ಣಗೆ ಏನೋ ಗುನುಗುತ್ತಿದ್ದಳು. ಈ ಸಂಬಂಧ ಕೆಟ್ಟರೆ ಇನ್ನೊಂದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ನಿಮಗೆ ಇದರಲ್ಲಿ ಕಷ್ಟ ಏನೆಂದು ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಒಪ್ಪಿಗೆ ಆಗುವವರೆಗೆ ಹೆಣ್ಣಿನ ಮನೆಯಲ್ಲಿ ಊಟ ಮಾಡುವುದಿಲ್ಲ. ತಿಂಡಿ ತಿನ್ನಬಹುದು. ಊಟಕ್ಕೆ ಕೂತರೆ ಒಪ್ಪಿದರು ಎಂದೇ ಅರ್ಥ. ಹೆಣ್ಣಿನ ಕಡೆಯವರು ಊಟದ ಮಾತೆತ್ತಿದರೆ ಕುತ್ತಿಗೆ ಹಿಡಿದು ಒಪ್ಪಿಸಿದ ಹಾಗೆ, ಅವರು ಎದ್ದು ಹೋಗಲೂಬಹುದು. ಆದರೆ ಸುಮ್ಮನೆ ಬಂದ ನೆಂಟರು ಮಧ್ಯಾಹ್ನದ ಹೊತ್ತಿನಲ್ಲಿ ಊಟ ಮಾಡದೆ ಹೋದರೆ ಆ ಮನೆಯವರು ಊರಿನಲ್ಲಿ ಮುಖ ಎತ್ತುವ ಹಾಗಿಲ್ಲ. ಈಗ ಇವರು ಮಧ್ಯಾಹ್ನಕ್ಕೇ ಬರುತ್ತಾರಂತೆ. ಹೆಣ್ಣು ನೋಡಲು ಬರುತ್ತಾರೋ, ನೆಂಟರ ಹಾಗೆ ಬರುತ್ತಾರೋ? ಕ್ಯಾಶುಯಲ್ ಎಂದರೆ ಉಪ್ಪಿಟ್ಟೋ, ಊಟವೋ?

ಇದನ್ನು ತೀರ್ಮಾನ ಮಾಡಲು ಲೊಕ್ಕನಹಳ್ಳಿಯಿಂದ ನನ್ನ ಅಣ್ಣ ಶನಿವಾರವೇ ಬಂದ. ನಿಮ್ಮ ತಾತ ಹೋದ ಮೇಲೆ ಇಂಥದ್ದಕ್ಕೆಲ್ಲ ಅವನೇ ಹಿರಿಯ. ಬಂದವನು ಕಾಲು ತೊಳೆಯುವ ಮೊದಲೇ ನಿಮ್ಮಪ್ಪನನ್ನು ಕೇಳಿದ:

"ಕ್ಯಾಶುಯಲ್ಲು ಅಂದ್ರೆ ಏನ್ಲಾ?"

"ಲೈಟಾಗಿ ಅಂತ ಮಾವ. ಶಾಸ್ತ್ರಗೀಸ್ತ್ರ ಏನೂ ಇಲ್ದೆ, ಬಂದು ಓಗದು."

"ನಮ್ಮ ಒಲಕ್ಕೆ ಆನೆನೂ ಅಂಗೇ ಬರದು ಕಣ್ಲಾ, ಲೈಟಾಗಿ. ಬೆಳಗ್ಗೆ ಎದ್ದು ನೋಡುದ್ರೆ ರಾಗಿ ಇರಲ್ಲ."

"ಅವ್ರು ಏನೂ ಬ್ಯಾಡ ಅಂದವ್ರೆ ಮಾವ."

"ಏನೂ ಬ್ಯಾಡ ಅನ್ನೋರ್ಗೇ ಎಲ್ಲಾ ಬೇಕಾಗಿರದು. ನಮ್ಮೂರಲ್ಲಿ ಸುಮ್ನೆ ಬಂದೆ ಅಂತ ಬಂದೋನು ಯಾವತ್ತಾದ್ರೂ ಸುಮ್ನೆ ಓಗವ್ನಾ?"

ಅದು ನಿಜವೇ. ಸುಮ್ಮನೆ ಬಂದೆ ಕಣವ್ವಾ ಎಂದು ಬಂದವರು ಕಾಫಿ ಕುಡಿದು, ಮಳೆಯ ಮಾತಾಡಿ, ಚಪ್ಪಲಿ ಹಾಕಿಕೊಳ್ಳುವಾಗ ತಿರುಗಿ ನಮ್ಮ ಔಷಧಿ ಹೊಡೆಯುವ ಮಿಷನ್ ಕೇಳುತ್ತಿದ್ದರು. ಕೆಲಸ ಎಷ್ಟು ದೊಡ್ಡದೋ ಸುಮ್ಮನೆ ಅನ್ನುವುದು ಅಷ್ಟು ಉದ್ದವಾಗುತ್ತಿತ್ತು. ಈ ಕ್ಯಾಶುಯಲ್ ಅದರ ದೊಡ್ಡಣ್ಣನೇ ಇರಬೇಕು ಎಂದು ನಾನೂ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ನಿಮ್ಮಪ್ಪ ಯಾರನ್ನೂ ಕೇಳದೆ ಒಂದು ನಾಟಿ ಕೋಳಿ ತಂದ. ಅಣ್ಣ ಬೀಡಿ ಎಸೆದು ಎದ್ದು ನಿಂತ.

"ಎಣ್ಣು ನೋಡಕ್ಕೆ ಬರೋ ದಿನ ಮನೇಲಿ ಕೋಳಿ ಕುಯ್ತೀಯೇನ್ಲಾ?"

"ಎಣ್ಣು ನೋಡಕ್ಕೆ ಅಲ್ವಲ್ಲ ಮಾವ."

"ಮತ್ತೆ ನಿನ್ನ ನೋಡಕ್ಕೆ ಬತ್ತಾವ್ರಾ?"

ಕೊನೆಗೆ ನಿಮ್ಮಮ್ಮ ದಾರಿ ಕಂಡುಹಿಡಿದಳು. ಎರಡನ್ನೂ ಮಾಡುವುದು. ಅಡುಗೆಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಹಿತ್ತಲ ಒಲೆಯ ಮೇಲೆ ಕೋಳಿಸಾರು, ಮುದ್ದೆ. ಅಣ್ಣ ನಡುಮನೆಯಲ್ಲಿ ಕೂತು ಬಂದವರ ಮಾತು ನೋಡಿ ಇದು ಎಂಥ ಬರುವಿಕೆ ಎಂದು ತಿಳಿದುಕೊಳ್ಳಬೇಕು. ಹೆಣ್ಣು ನೋಡಲು ಬಂದಿದ್ದರೆ ಒಂದು ಸಲ ಕೆಮ್ಮುವುದು, ಉಪ್ಪಿಟ್ಟು ಬರುತ್ತದೆ. ನೆಂಟರ ಹಾಗೆ ಬಂದಿದ್ದರೆ ಹೆಗಲ ಟವೆಲ್ ಒದರುವುದು, ಊಟಕ್ಕೆ ಏಳಿಸುತ್ತಾರೆ. ಬೀಡಿ ಸೇದುವವನಿಗೆ ಕೆಮ್ಮುವ ಕೆಲಸ ಕೊಡಬಾರದು ಎಂದು ನಮಗೆ ಆಗ ಯಾರಿಗೂ ಹೊಳೆಯಲಿಲ್ಲ.

ನನ್ನ ಜಾಗ ಅಡುಗೆಮನೆ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಹೋದವಳು ಇಂಥ ಕೆಲಸಕ್ಕೆ ಎದುರಾಗಬಾರದು, ಬಂದವರ ಕಣ್ಣಿಗೆ ಮೊದಲು ಬೀಳಬಾರದು ಎಂಬುದು ನಮ್ಮಲ್ಲಿ ಇದ್ದದ್ದೇ. ಹಿಂದೆ ಬಂದವರಲ್ಲಿ ಯಾರೂ ನನ್ನ ಮುಖ ನೋಡಿಯೇ ಇಲ್ಲ. ಸಂಕೋಚದವಳಾದ ನನಗೆ ಅದು ಒಂದು ರೀತಿ ಅನುಕೂಲವೂ ಆಗಿತ್ತು. ಆದರೆ ಮಗಳನ್ನು ಕೇಳಲು ಬಂದವರು ಎಂಥವರೆಂದು ಪರದೆಯ ಕೆಳಗೆ ಕಾಣುವ ಕಾಲು ನೋಡಿ ತಿಳಿಯುವುದು ಕಷ್ಟ.

ಅವರು ಕಾರಿನಲ್ಲಿ ಬಂದರು. ಪರದೆಯ ಕೆಳಗೆ ನೋಡಿದೆ. ಹುಡುಗನ ಕಾಲು, ಕಾಲುಚೀಲ ಹೊಸದು. ಅವನ ಚಿಕ್ಕಪ್ಪನ ಕಾಲು, ಹೊಲ ಕಂಡ ಕಾಲು. ಮತ್ತೆ ಒಬ್ಬ ಹೆಂಗಸಿನ ಕಾಲು. ಅದರಲ್ಲಿ ಕಾಲುಂಗುರ ಇರಲಿಲ್ಲ. ಪೇಟೆ ಕಡೆಯವರು, ಕ್ಯಾಶುಯಲ್ಲಾಗಿ ಬಂದಿದ್ದಾರಲ್ಲ, ಬಿಚ್ಚಿಟ್ಟು ಬಂದಿರಬಹುದು ಎಂದುಕೊಂಡೆ.

ನಡುಮನೆಯಲ್ಲಿ ಅಣ್ಣನೂ ಹುಡುಗನ ಚಿಕ್ಕಪ್ಪನೂ ಮಾತಿಗೆ ಕೂತರು. ಮಾತು ನನಗೆ ಕೇಳುತ್ತಿತ್ತು, ಕಾಣದ್ದನ್ನೆಲ್ಲ ನಿಮ್ಮಮ್ಮ ಆಮೇಲೆ ಹೇಳಿದಳು.

"ಏನು ಈ ಕಡೆ ದೂರ ಬಂದ್ಬುಟ್ರಿ?" ಅಣ್ಣ ಕೇಳಿದ.

"ಸುಮ್ನೆ. ಇಂಗೇ ಬಂದೋ."

"ಮಳೆ ಎಂಗದೆ ನಿಮ್ಮ ಕಡೆ?"

"ಅಂಗೇ. ನಿಮ್ಮ ಕಡೆ?"

"ಇಂಗೇ."

ಅವರು ಬಂದ ವಿಷಯ ಅವರು ಹೇಳಲಿ ಎಂದು ಇವನು, ಇವನೇ ಕೇಳಲಿ ಎಂದು ಅವರು. ಆ ನಡುವೆ ಅಣ್ಣನಿಗೆ ಕೆಮ್ಮು ಬಂತು. ನಿಮ್ಮಮ್ಮ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಹೋದಳು. ಅವರು ತಿಂದರು. ಅಣ್ಣ ಮತ್ತೆ ಕೆಮ್ಮಿದ. ಇವಳು ಪಾತ್ರೆ ಹಿಡಿದುಹೋಗಿ ಇನ್ನೊಂದು ಸೌಟು ಹಾಕಿದಳು. ಅಣ್ಣ ಬೇಡ ಎಂದು ಕಣ್ಣು ಮಾಡಲು ಹೋಗಿ ಕೆಮ್ಮು ಇನ್ನೂ ಹೆಚ್ಚಾಯಿತು. ಮೂರನೆಯ ಸಲ ಪಾತ್ರೆ ಬಂದಾಗ ಹುಡುಗ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು, "ಸಾಕು ಅಕ್ಕ, ಅವರಿಗೆ ಸ್ವಲ್ಪ ನೀರು ಕೊಡಿ" ಎಂದ. ಆ ಮಾತು ನನಗೆ ಹಿಡಿಸಿತು.

ನಿಮ್ಮ ಅತ್ತೆ ಶಾಲೆಗೆ ಉಡುವ ಹತ್ತಿ ಸೀರೆಯಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ತಟ್ಟೆ ಹಿಡಿದಿರಲಿಲ್ಲ. ಆದರೆ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಬತ್ತಿ ಮಾಡಿದ್ದಳು.

ಹಿತ್ತಲಿನ ಸಾರು ಅಷ್ಟರಲ್ಲಿ ಕುದಿದು ಘಮಘಮಿಸುತ್ತಿತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಹಿತ್ತಲ ಬಾಗಿಲು ಮುಚ್ಚೋಣವೆಂದರೆ ಚಿಲಕ ಪೆಂಡಿಂಗ್. ನಿಮ್ಮಮ್ಮ ಗಾಬರಿಯಾಗಿ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದಳು. ಮನೆಯೆಲ್ಲ ಮಲ್ಲಿಗೆ ಮುಡಿದ ಕೋಳಿಯ ವಾಸನೆ ಬಂತು.

ಚಿನ್ನೂ, ಆಗ ನೀನು ಬಂದೆ. ಹಿತ್ತಲಲ್ಲಿ ನಿಮ್ಮಪ್ಪ ನಿನ್ನನ್ನು ಸುಮ್ಮನಿರಿಸಲು ಒಂದು ಬೆಂದ ಕೋಳಿಕಾಲನ್ನು ಕೈಗೆ ಕೊಟ್ಟಿದ್ದ. ನೀನು ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದುಕೊಂಡು, ನನ್ನ ಕೈ ತಪ್ಪಿಸಿ, ಪರದೆ ದಾಟಿ ನಡುಮನೆಗೆ ನಡೆದೆ. ನೇರ ಆ ಹೆಂಗಸಿನ ಮುಂದೆ ನಿಂತು, ಕಾಲನ್ನು ಅವರ ಬಾಯಿಗೆ ಹಿಡಿದೆ. ಒಳಗೆ ನಾನು ಕಣ್ಣು ಮುಚ್ಚಿಕೊಂಡೆ. ಹೆಣ್ಣು ನೋಡುವ ದಿನ ಕೋಳಿ ಕೊಯ್ದ ಮನೆ ಎಂದು ಅವರು ಈಗ ಎದ್ದು ಹೋಗುತ್ತಾರೆ, ಮಗಳು ಇನ್ನು ಯಾರ ಮುಂದೂ ನಿಲ್ಲುವುದಿಲ್ಲ, ಎಲ್ಲ ಮುಗಿಯಿತು ಎಂದುಕೊಂಡೆ.

ಅಣ್ಣನ ಕೆಮ್ಮೂ ನಿಂತಿತ್ತು.

"ಕೈ ತೊಳೀಬೇಕಿತ್ತು" ಎಂದು ಆ ಹೆಂಗಸು ಎದ್ದ ಸದ್ದು ಕೇಳಿತು. ಪರದೆ ಸರಿಯಿತು. ಕಣ್ಣು ಬಿಟ್ಟರೆ ಅವರು ಅಡುಗೆಮನೆಯ ಹೊಸ್ತಿಲ ಮೇಲೆ, ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದರು. ಹಣೆ ನನ್ನ ಹಣೆಯ ಹಾಗೇ ಬರಿದಾಗಿತ್ತು.

"ನೀವೇನಾ ಎಣ್ಣಿನ ತಾಯಿ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅವರು ನನ್ನ ಹಣೆ ನೋಡಿದರು.

"ಅದ್ಕೇ ಅಡುಗೆಮನೇಲಿ ಸೇರ್ಕಂಡಿದ್ದೀರಿ. ನಾನೂ ನಮ್ಮ ಮನೇಲಿ ಅಂಗೇ ಕಣಕ್ಕ. ದೊಡ್ಡ ಮಗನಿಗೆ ಎಣ್ಣು ನೋಡಕ್ಕೆ ನನ್ನ ವಾರಗಿತ್ತಿ ಓದ್ರು. ನಾನು ಸೊಸೆ ಮುಖ ನೋಡಿದ್ದು ಮದುವೆ ಆದ್ಮೇಲೆ. ಈ ಸಲ ನಾನೇ ನೋಡ್ಬೇಕು ಅಂತ ಅನ್ನುಸ್ತು. ಅದ್ಕೇ ಇವನ್ಗೆ ಏಳ್ದೆ, ಕ್ಯಾಶುಯಲ್ಲಾಗಿ ಬತ್ತೀವಿ ಅನ್ನು ಅಂತ. ಶಾಸ್ತ್ರ ಅಲ್ಲ ಅಂದ್ಮೇಲೆ ನನ್ನ ಬ್ಯಾಡ ಅನ್ನಕ್ಕೆ ಯಾರಿಗೂ ಬಾಯಿಲ್ಲ."

ನಾನು ಮಣೆ ಹಾಕಿದೆ. ಅವರು ಕೂತರು. ಹಿತ್ತಲ ಕಡೆ ಮೂಗು ತಿರುಗಿಸಿ, "ನಾಟಿ ಕೋಳಿನಾ?" ಎಂದರು.

"ಹೂಂ."

"ಉಪ್ಪಿಟ್ಟು ತಿಂದು ತಿಂದು ಗಂಟಲು ಕಟ್ಟೋಗದೆ. ಒಂದು ಮುದ್ದೆ ಆಕಿ."

ಹಾಕಿದೆ. ಅವರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ನಿಲ್ಲಲಿಲ್ಲ. ಮಗಳು ಮನೆಯಲ್ಲಿ ಕೋಪಿಷ್ಠೆಯೋ ಎಂದು ಕೇಳಿದರು. ಹೌದು ಎಂದೆ. "ಒಳ್ಳೇದು. ನನ್ನ ಮಗ ಬಾಯಿ ಸತ್ತೋನು" ಎಂದರು. ನನ್ನ ಜನ್ಮದಲ್ಲಿ ಅಪರಿಚಿತರ ಜೊತೆ ಅಷ್ಟು ಮಾತಾಡಿದ್ದು ನಾನು ಅವತ್ತೇ.

ಒಳಗೆ ಹೋದವರು ಬರಲಿಲ್ಲವೆಂದು ಅಣ್ಣ ಬಂದು ಇಣುಕಿದ. ಅವನ ಹಿಂದೆ ಹುಡುಗನ ಚಿಕ್ಕಪ್ಪ. ಬೆರಳು ನೆಕ್ಕುತ್ತಿದ್ದ ಬೀಗಿತ್ತಿಯನ್ನು ನೋಡಿ ಇಬ್ಬರೂ ನಿಂತುಬಿಟ್ಟರು.

"ಅತ್ಗೆ, ಉಂಡ್ಬುಟ್ರಾ?" ಚಿಕ್ಕಪ್ಪ ಕೇಳಿದರು.

"ಕ್ಯಾಶುಯಲ್ಲಾಗಿ ಉಂಡೆ."

"ಊಟ ಅಂದ್ರೆ ಒಪ್ಗೆ ಅಂತ ಅಲ್ವಾ..." ಎಂದು ಅವರು ಅಣ್ಣನ ಕಡೆ ತಿರುಗಿದರು. ಅವರ ಮುಖದಲ್ಲಿ ನನಗೆ ಸಿಟ್ಟು ಕಂಡ ಹಾಗಾಯಿತು. ಬಲವಂತ ಮಾಡಿದೆವು ಅಂದುಬಿಟ್ಟರೆ ಎಂದು ಹೆದರಿ, ಎಂದೂ ಗಂಡಸರ ನಡುವೆ ಬಾಯಿ ಹಾಕದ ನಾನು, "ಅನ್ನ ಅಲ್ಲ ಅಣ್ಣ, ಬರೀ ಮುದ್ದೆ" ಎಂದೆ.

ಅಣ್ಣ ಗಂಭೀರವಾಗಿ ಯೋಚಿಸಿದ. "ಮುದ್ದೆನೇ ಗಟ್ಟಿ ಕಣಮ್ಮಿ. ಅನ್ನ ಬೇಕಾದ್ರೆ ಜಾರ್ಕತದೆ" ಎಂದ.

ಮೊದಲು ನಕ್ಕದ್ದು ಚಿಕ್ಕಪ್ಪನೇ. "ಅಂಗಾದ್ರೆ ನಮ್ಗೂ ಆಕಿ, ಬೀಗ್ರೇ. ಒಬ್ರು ಉಂಡ್ಮೇಲೆ ನಾವು ಉಪವಾಸ ಯಾಕೆ ಇರ್ಬೇಕು?" ಎಂದರು. ಅಣ್ಣ ಆಗ ಟವೆಲ್ ಒದರಿದ. ಬೇಕಾದ ಹೊತ್ತಿಗೆ ಅವನು ಮಾಡಿದ ಸನ್ನೆ ಅದೊಂದೇ.

ಊಟವಾದ ಮೇಲೆ ನಿಮ್ಮಮ್ಮ ಕುಂಕುಮದ ತಟ್ಟೆ ತಂದಳು. ಬಂದವರಲ್ಲಿ ಹೆಂಗಸರು ಅವರೊಬ್ಬರೇ. ಕೊಡುವ ಹಾಗಿಲ್ಲ, ಹಿಂದಕ್ಕೆ ಒಯ್ಯುವ ಹಾಗೂ ಇಲ್ಲ. ತಟ್ಟೆ ಹಿಡಿದು ನಡುವೆ ನಿಂತಳು. ಆಗ ಅವರೇ ಎದ್ದು ಒಂದು ಚಿಟಿಕೆ ತೆಗೆದು ನಿಮ್ಮ ಅತ್ತೆಯ ಹಣೆಗೆ ಇಟ್ಟರು. ಅಣ್ಣ ಬಾಯಿ ತೆರೆದ. ಅವರು ಅವನ ಕಡೆ ನೋಡದೆ, "ಇದೇನು ಶಾಸ್ತ್ರ ಅಲ್ಲ ಕಣಣ್ಣ, ಸುಮ್ನೆ" ಎಂದರು. ತಟ್ಟೆಯನ್ನು ನನ್ನ ಕಡೆ ತಿರುಗಿಸಿ, "ನೀವೂ ಇಡಿ ಅಕ್ಕ" ಎಂದರು. ನನ್ನ ಚಿಟಿಕೆ ದೊಡ್ಡದಾಗಿ ಕುಂಕುಮ ಮಗಳ ಮೂಗಿನ ಮೇಲೆಲ್ಲ ಉದುರಿತು. ಅವಳು ಒರೆಸಿಕೊಳ್ಳಲಿಲ್ಲ. ಸಂಜೆ ಕಾರು ಹೋದ ಮೇಲೂ ಹಾಗೇ ಓಡಾಡಿಕೊಂಡಿದ್ದಳು, ಬೀದಿಯವರೆಲ್ಲ ಏನು ಟೀಚರೇ, ಮೂಗಿಗೇನಾಯ್ತು ಎಂದು ಕೇಳಿದರು.

ಒಪ್ಪಿಗೆ ಶಾಸ್ತ್ರಕ್ಕೆ ದಿನ ನೋಡಿದರು. ಅದು ನಿಜವಾದ ಶಾಸ್ತ್ರ, ಎರಡೂ ಕಡೆಯ ಜನ ಸೇರುವುದು. ಅವತ್ತು ನಾನು ಮತ್ತೆ ಅಡುಗೆಮನೆಗೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಿಂದಿನ ದಿನ ಲೊಕ್ಕನಹಳ್ಳಿಯಿಂದ ಅಣ್ಣ ಫೋನ್ ಮಾಡಿದ. ಬಾಳೆಲೆ, ಅಕ್ಕಿ, ಬಸ್ಸು ಎಲ್ಲ ಮಾತಾಡಿದ. ಫೋನ್ ಇಡುವ ಮುಂಚೆ ಸ್ವಲ್ಪ ಹೊತ್ತು ಕೆಮ್ಮಿದ.

"ನೋಡಮ್ಮಿ, ನಾಳೆದೂ ಕ್ಯಾಶುಯಲ್ಲಾಗೇ ಮಾಡುವ" ಎಂದ. "ನೀನೂ ಬೀಗಿತ್ತಿನೂ ಮುಂದ್ಗಡೆ ಕೂತ್ಕಳಿ."

ಐನೂರು ಎಲೆ ಹಾಕಿಸಿದ್ದ ಅವನು. ಅಷ್ಟು ದೊಡ್ಡ ಕ್ಯಾಶುಯಲ್ಲನ್ನು ನಮ್ಮ ಸುತ್ತಿನಲ್ಲಿ ಯಾರೂ ನೋಡಿರಲಿಲ್ಲ. ನಾನು ಮುಂದೆ ಕೂತೆ. ನೋಡುವವರೆಲ್ಲ ನೋಡಿದರು, ನನಗೆ ಬೆವರು ಬಂತು. ಪಕ್ಕದಲ್ಲಿ ಕೂತ ಬೀಗಿತ್ತಿ ಕಿವಿಯಲ್ಲಿ, "ಇವತ್ತು ಕೋಳಿ ಇಲ್ವಾ?" ಎಂದು ಕೇಳಿ ನನ್ನನ್ನು ನಗಿಸಿಬಿಟ್ಟರು. ಅವತ್ತಿನ ಫೋಟೋದಲ್ಲಿ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅದಕ್ಕೇ. ಅಳು ಬಂದಿತ್ತು ಎಂದು ನಿಮ್ಮಮ್ಮ ಹೇಳುತ್ತಾಳೆ, ನಂಬಬೇಡಿ.

ಪುಟ್ಟೂ, ನಿನ್ನ ಹೋಮ್‌ವರ್ಕಿಗೆ ಈ ಪದ ಸೇರಿಸಿಕೋ. ಏನೂ ಮುಖ್ಯವಲ್ಲದ್ದು ಎಂದು ಮಿಸ್ ಅರ್ಥ ಹೇಳಿದರೆ ಹೌದು ಎಂದು ಬರೆದುಕೋ, ಮಾರ್ಕ್ಸ್ ಹೋಗುವುದು ಬೇಡ. ಈ ಹಾಳೆಗಳೂ ಅಂಥವೇ, ಅರ್ಜೆಂಟಾಗಿ ಓದಬೇಕಾದದ್ದೇನೂ ಇಲ್ಲ. ಆದರೆ ನಿಮ್ಮಮ್ಮ ಮನೆ ಗುಡಿಸುವಾಗ ಹಳೇ ಪೇಪರಿನವನಿಗೆ ಹಾಕಿಬಿಡದ ಹಾಗೆ ನೋಡಿಕೊಳ್ಳಿ. ನಿಮ್ಮಪ್ಪನ ಕೈಗೆ ಕೊಡಬೇಡಿ, ಪೆಂಡಿಂಗ್ ಆಗುತ್ತದೆ. ಗೆದ್ದಲು ಬರದ ಕಡೆ, ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟು, ಬೀಗದ ಕೈಯನ್ನು ನೀವಿಬ್ಬರೇ ಇಟ್ಟುಕೊಳ್ಳಿ.